ನಮ್ಮ ಗಂಗಾಳದ ವಿವೇಕ



ಸಂಘದ ವಾರ್ಷಿಕೋತ್ಸವದಲ್ಲಿ ಭಾಷೆಯ ವಿಷಯವಾಗಿ ಮಾತನಾಡುವುದು ವಾಡಿಕೆ. ಇಂದು ನಾವು ಊಟದ ವಿಷಯವನ್ನು ಎತ್ತಿಕೊಂಡಿದ್ದೇವೆ. ಕನ್ನಡ ಪಂಡಿತರಿಗೆ ಇದೇತರ ಗೊಡವೆ ಎಂದು ಯಾರಾದರೂ ಕೇಳಬಹುದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಮನೆಗಳಲ್ಲಿ ಅಡುಗೆಮನೆಯೇ ಕನ್ನಡದ ಮೊದಲ ಪಾಠಶಾಲೆ. ಅಲ್ಲಿಂದ ಜೋಳವು ಹೊರಟುಹೋದರೆ ನುಚ್ಚು, ಅಂಬಲಿ, ಸೀತನಿ ಎಂಬ ಮಾತುಗಳೂ ಅದರ ಬೆನ್ನಹಿಂದೆಯೇ ಹೊರಡುತ್ತವೆ.

ಆದರೆ ಬರಿಯ ಅಭಿಮಾನದಿಂದ ಯಾರೂ ಉಣ್ಣಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳಂತೆ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾದಲ್ಲಿಯೂ ಅದು 3 ಗ್ರಾಂ ಮುಟ್ಟುವುದಿಲ್ಲ. ಅಷ್ಟೇ ಸಜ್ಜೆಯಲ್ಲಿ 6 ಮಿಲಿಗ್ರಾಂಗೂ ಮಿಗಿಲಾಗಿ ಕಬ್ಬಿಣವಿದ್ದರೆ ಆ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶವು ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಯೊಡನೆ ಮಡಿಕೆಕಾಳಿನ ಪಲ್ಯ ಬಡಿಸಿದ ನಮ್ಮ ಅಜ್ಜಿಯಂದಿರು ಈ ಶಾಸ್ತ್ರವನ್ನು ಓದಿದವರಲ್ಲ; ಆದರೂ ಕೊರತೆಯನ್ನು ತುಂಬಿದ್ದರು.

ಇನ್ನು ಭೂಮಿಯ ಮಾತು. ನಮ್ಮದು ಮಳೆ ಕೈಕೊಡುವ ಸೀಮೆ. 1972ರ ಬರವನ್ನು ಹಿರಿಯರು ಮರೆತಿಲ್ಲ. ಹಿಂಗಾರಿ ಜೋಳವನ್ನು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದರೆ ಎರೆಭೂಮಿಯು ಹಿಡಿದಿಟ್ಟ ಹಸಿಯಲ್ಲಿಯೇ ಬಹುಮಟ್ಟಿಗೆ ಬೆಳೆಯುತ್ತದೆ. ತೆನೆ ನಮಗೆ, ಕಣಿಕೆ ದನಕ್ಕೆ. ಕಬ್ಬಾದರೋ ವರ್ಷವಿಡೀ ನೀರು ಬೇಡುತ್ತದೆ. ಆದರೂ ರೈತನನ್ನು ದೂರುವಂತಿಲ್ಲ. ಕೊಳ್ಳುವವರಿಲ್ಲದೆ ಅವನು ಯಾರಿಗಾಗಿ ಜೋಳ ಬಿತ್ತಬೇಕು? ನೆರೆಯ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಲೋಕವು ಮನ್ನಿಸಿದ ಕಾಳನ್ನು ನಮ್ಮ ಮಕ್ಕಳು ಬುತ್ತಿಯಲ್ಲಿ ಒಯ್ಯಲು ನಾಚುವುದು ಯಾವ ನ್ಯಾಯ?

ಅಕ್ಕಿ ಗೋಧಿಗಳನ್ನು ತೊರೆಯಿರೆಂದು ನಾವು ಹೇಳುವುದಿಲ್ಲ. ನಮ್ಮ ಬಿನ್ನಹವು ಇಷ್ಟೇ. ದಿನಕ್ಕೆ ಒಂದು ಹೊತ್ತಾದರೂ ಜೋಳವೋ ಸಜ್ಜೆಯೋ ಗಂಗಾಳಕ್ಕೆ ಬರಲಿ. ಸಜ್ಜೆಯ ಹಿಟ್ಟು ಬೇಗನೆ ಕಹಿಯಾಗುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ಗಿರಣಿಯಲ್ಲಿ ಬೀಸಿಸಿರಿ. ಶೇಂಗಾ ಹಿಂಡಿ ಇರಲಿ, ಉಪ್ಪು ಮಾತ್ರ ಹಿತಮಿತವಾಗಿರಲಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದೆಂದು ವೈದ್ಯಶಾಸ್ತ್ರದ ಮತ. ಅಂಗಡಿಯಲ್ಲಿ 'ಬಹುಧಾನ್ಯ' ಎಂದು ಬರೆದ ಬಿಸ್ಕತ್ತಿನ ಪೊಟ್ಟಣವನ್ನು ಕೊಳ್ಳುವ ಮುನ್ನ ಹಿಂಬದಿಯನ್ನು ಓದಿರಿ. ತೂಕದಲ್ಲಿ ಯಾವುದು ಹೆಚ್ಚೋ ಅದರ ಹೆಸರು ಮೊದಲು ಬರಬೇಕೆಂಬುದು ನಿಯಮ. ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಎಂದಿದ್ದರೆ ಧಾನ್ಯದ ಬಣ್ಣನೆಗೆ ಮರುಳಾಗಬೇಕಾಗಿಲ್ಲ. ಓದು ಕಲಿತುದರ ಪ್ರಯೋಜನವು ಇಲ್ಲಿಯೂ ಉಂಟು.

ಈ ಧಾನ್ಯವು ನಮಗೊಬ್ಬರಿಗೇ ಸೇರಿದ್ದಲ್ಲ. ನಮ್ಮ ಸೀತನಿಯನ್ನು ಮರಾಠಿ ನೆರೆಯವರು ಹುರ್ಡಾ ಎನ್ನುತ್ತಾರೆ, ರೊಟ್ಟಿಯನ್ನು ಭಾಕರಿ ಎನ್ನುತ್ತಾರೆ. ಭೋಗಿಯ ದಿನ ಎರಡೂ ಮನೆಗಳಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿಯೇ. ಹೆಸರು ಎರಡಾದರೂ ಹೊಲ ಒಂದೇ. ಆ ಹೊಲವನ್ನೂ ನಮ್ಮ ಪಾಲಿನ ಹೆಸರನ್ನೂ ಮಕ್ಕಳ ಕೈಗೆ ಒಪ್ಪಿಸುವುದು ನಮ್ಮೆಲ್ಲರ ಹೊಣೆ. ತಾಯಂದಿರು ಮಾತ್ರವಲ್ಲ, ಸಂತೆಗೆ ಚೀಲ ಹಿಡಿದು ಹೋಗುವ ಗಂಡಸರೂ ಇದನ್ನು ಮನಗಾಣಬೇಕೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.