ರಕ್ತ ಮರಳಿದಾಗ ಹೃದಯಕ್ಕೆ ಬೀಳುವ ಪೆಟ್ಟು



ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಹೃದಯಾಘಾತವಾಗುತ್ತದೆಂದು ನಿಮಗೆಲ್ಲ ಗೊತ್ತು. ದಾರಿ ತೆರೆದರೆ ಎಲ್ಲವೂ ಸರಿಹೋಯಿತೆಂದು ನಾವು ಭಾವಿಸುತ್ತೇವೆ. ಆದರೆ ತೆರೆದ ಮೊದಲ ಕೆಲವು ನಿಮಿಷಗಳಲ್ಲೇ ಒಂದಷ್ಟು ಜೀವಕೋಶಗಳು ಸಾಯುತ್ತವೆ. ಇದಕ್ಕೆ ರೀಪರ್ಫ್ಯೂಷನ್ ಇಂಜುರಿ ಎನ್ನುತ್ತಾರೆ. ಜೀವ ಉಳಿಸಲು ಬಂದ ರಕ್ತವೇ ಪೆಟ್ಟು ಕೊಡುವುದು ಹೇಗೆ?

ಆಮ್ಲಜನಕ ಸಿಗದಾಗ ಜೀವಕೋಶದೊಳಗೆ ಆಮ್ಲೀಯತೆ ಏರುತ್ತದೆ. ಸೋಡಿಯಂ, ಕ್ಯಾಲ್ಸಿಯಂ ತುಂಬಿಕೊಳ್ಳುತ್ತವೆ. ವಿಚಿತ್ರವೆಂದರೆ ಆ ಆಮ್ಲೀಯತೆಯೇ ಆಗ ಒಂದು ಕಾವಲು. ಮೈಟೊಕಾಂಡ್ರಿಯ ಜೀವಕೋಶದ ಶಕ್ತಿಕೇಂದ್ರವೆಂದು ಪಿ.ಯು.ಸಿ. ವಿದ್ಯಾರ್ಥಿಗಳು ಬಾಯಿಪಾಠ ಮಾಡಿರುತ್ತೀರಿ. ಅದರ ಪೊರೆಯಲ್ಲಿ ತೆರೆದುಕೊಳ್ಳಬಲ್ಲ ರಂಧ್ರವೊಂದಿದೆ. ಆಮ್ಲೀಯತೆ ಇರುವವರೆಗೆ ಅದು ಮುಚ್ಚಿರುತ್ತದೆ. ರಕ್ತ ಒಮ್ಮೆಲೇ ನುಗ್ಗಿದಾಗ ಆಮ್ಲ ತೊಳೆದುಹೋಗುತ್ತದೆ, ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ, ಕ್ಯಾಲ್ಸಿಯಂ ಇನ್ನಷ್ಟು ಏರುತ್ತದೆ. ರಂಧ್ರ ತೆರೆದುಕೊಂಡಿತೆಂದರೆ ಆ ಜೀವಕೋಶದ ಕಥೆ ಮುಗಿದಂತೆ.

ಇದನ್ನು ಕೇಳಿ, ರಕ್ತನಾಳ ತೆರೆಸುವುದೇ ಬೇಡವೆಂದು ಯಾರೂ ತಿಳಿಯಬಾರದು. ತೆರೆಯದಿದ್ದರೆ ಆ ಭಾಗವಿಡೀ ಸಾಯುತ್ತದೆ. ತಡವಾದಷ್ಟೂ ನಷ್ಟ ಹೆಚ್ಚು. ನಮ್ಮಲ್ಲಿ ಎದೆನೋವನ್ನು ಗ್ಯಾಸ್ ಎಂದು ಹೇಳಿ ಸೋಡಾ ಕುಡಿಸಿ ಮಲಗಿಸುವ ಅಭ್ಯಾಸ ಇನ್ನೂ ಹೋಗಿಲ್ಲ. 108ಕ್ಕೆ ಕರೆ ಮಾಡಿ, ಬೇಗ ಇ.ಸಿ.ಜಿ. ಮಾಡಿಸಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲೆಂದು ಕರ್ನಾಟಕ ಸರ್ಕಾರ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ತಂದಿದೆ.

ಇನ್ನು ಪೆಟ್ಟನ್ನು ತಗ್ಗಿಸುವ ಪ್ರಯತ್ನಗಳು. 1986ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮರಿ, ಜೆನಿಂಗ್ಸ್, ರೀಮರ್ ಅವರು ನಾಯಿಗಳ ಹೃದಯನಾಳವನ್ನು 5 ನಿಮಿಷ ಮುಚ್ಚಿ, 5 ನಿಮಿಷ ಬಿಟ್ಟು, ಹೀಗೆ 4 ಸಲ ಮಾಡಿದರು. ಆಮೇಲೆ 40 ನಿಮಿಷ ಮುಚ್ಚಿದರು. ಸತ್ತ ಭಾಗ, ಈ ತಯಾರಿ ಇಲ್ಲದ ನಾಯಿಗಳಲ್ಲಿ ಆದದ್ದರ ಕಾಲು ಭಾಗ ಮಾತ್ರ! ಸಣ್ಣ ಕಷ್ಟ ಉಂಡ ಹೃದಯ ದೊಡ್ಡ ಕಷ್ಟ ತಡೆದುಕೊಂಡಿತು. ಆದರೆ ಹೃದಯಾಘಾತ ಹೇಳಿ ಬರುವುದಿಲ್ಲವಲ್ಲ, ಮೊದಲೇ ತಯಾರಿ ಮಾಡುವುದು ಹೇಗೆ? 2003ರಲ್ಲಿ ಇನ್ನೊಂದು ತಂಡ ನಾಳ ತೆರೆದ ಕೂಡಲೇ 30 ಸೆಕೆಂಡು ಬಿಟ್ಟು, 30 ಸೆಕೆಂಡು ಮುಚ್ಚಿ, 3 ಸಲ ಹೀಗೆ ಮಾಡಿ ನಾಯಿಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಲಾಭ ಕಂಡಿತು. ರಕ್ತ ತಡೆತಡೆದು ಬಂದಾಗ ಆಮ್ಲೀಯತೆ ನಿಧಾನವಾಗಿ ಇಳಿಯುವುದು ಇದಕ್ಕೆ ಒಂದು ಕಾರಣವೆನ್ನುತ್ತಾರೆ.

ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಉಬ್ಬಿಸಿ, ಸಡಿಲಿಸಿ ಹೃದಯವನ್ನು ರಕ್ಷಿಸುವ ಉಪಾಯವೂ ಬಂತು. ಖರ್ಚಿಲ್ಲದ್ದು, ನನಗೂ ಬಹಳ ಹಿಡಿಸಿದ್ದು. ಆದರೆ ಯುರೋಪಿನ 5,400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಒಂದು ವರ್ಷದ ನಂತರ ಸಾವಿನಲ್ಲಾಗಲಿ, ಹೃದಯ ವೈಫಲ್ಯದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಆ ರಂಧ್ರವನ್ನು ಮುಚ್ಚಿಡುವ ಸೈಕ್ಲೋಸ್ಪೋರಿನ್ ಔಷಧಿಯೂ 2015ರ ದೊಡ್ಡ ಪರೀಕ್ಷೆಯಲ್ಲಿ ಸೋತಿತ್ತು. ಪ್ರಯೋಗಾಲಯದ ಪ್ರಾಣಿ ಆರೋಗ್ಯವಾಗಿರುತ್ತದೆ. ನಮ್ಮ ರೋಗಿಗೆ ವಯಸ್ಸಾಗಿರುತ್ತದೆ, ಸಕ್ಕರೆ ಕಾಯಿಲೆ ಇರುತ್ತದೆ, ಹತ್ತಾರು ಮಾತ್ರೆ ನುಂಗುತ್ತಿರುತ್ತಾನೆ. ಅಂಥ ಹೃದಯದಲ್ಲೂ ಕೆಲಸ ಮಾಡುವ ಉಪಾಯಕ್ಕಾಗಿ ಹುಡುಕಾಟ ನಡೆದೇ ಇದೆ. ವೈದ್ಯಕೀಯ ಓದಬೇಕೆಂದಿರುವ ಹುಡುಗ ಹುಡುಗಿಯರು ಇಲ್ಲಿ ಕುಳಿತಿದ್ದೀರಿ, ನಿಮ್ಮ ಪ್ರಶ್ನೆಗಳನ್ನು ಈಗ ಕೇಳಬಹುದು.