ಕುಡಿದು ಗಾಡಿ ಓಡಿಸಿದರೆ ಖರ್ಚು ಯಾರಿಗೆ?



ನೀವೆಲ್ಲ ಓದಲು ಕಲಿತಿದ್ದೀರಿ. ಕೂಡುವ ಲೆಕ್ಕ, ಕಳೆಯುವ ಲೆಕ್ಕವೂ ಬಂದಿದೆ. ಇವತ್ತು ನಾವೆಲ್ಲ ಸೇರಿ ಒಂದು ಕಾನೂನಿನ ಲೆಕ್ಕ ಹಾಕೋಣ. ಕುಡಿದು ಗಾಡಿ ಓಡಿಸಬಾರದು ಅನ್ನುವ ಕಾನೂನು ಅದು.

ಈ ಕಾನೂನು ಹೊಸದಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಮೊದಲೆಲ್ಲ ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹೆಚ್ಚೆಂದರೆ 2,000 ರೂಪಾಯಿ. 2019ರ ಸೆಪ್ಟೆಂಬರ್ 1ರಿಂದ ಅದು 10,000 ರೂಪಾಯಿ ಆಯಿತು. ಇಲ್ಲವೇ 6 ತಿಂಗಳವರೆಗೆ ಜೈಲು. ಎರಡೂ ಆಗಬಹುದು. ಎರಡನೇ ಸಲ ಸಿಕ್ಕಿಬಿದ್ದರೆ ದಂಡ 15,000 ರೂಪಾಯಿ. ಜೈಲು 2 ವರ್ಷದವರೆಗೆ.

ಕಾನೂನು ಬಿಗಿಯಾಯಿತು. ಒಳ್ಳೆಯದೇ. ಆದರೆ ಕಾನೂನು ಪುಕ್ಕಟೆ ನಡೆಯೋದಿಲ್ಲ.

ರಾತ್ರಿ ರಸ್ತೆಯಲ್ಲಿ ಪೊಲೀಸರು ನಿಲ್ಲಬೇಕು. ಅವರ ಕೈಯಲ್ಲಿ ಊದಿಸುವ ಯಂತ್ರ ಇರಬೇಕು. ಅದು ಸರಿಯಾಗಿ ತೋರಿಸುತ್ತದೆಯೇ ಅಂತ ಆಗಾಗ ಪರೀಕ್ಷೆ ಆಗಬೇಕು. ಕೆಲವು ಸಲ ಡಾಕ್ಟರು ರಕ್ತ ತೆಗೆಯಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯದ ಅಂಶ ಇದ್ದರೆ ಅದು ತಪ್ಪು. ಆಮೇಲೆ ಕೇಸು ಕೋರ್ಟಿಗೆ ಹೋಗ್ತದೆ. ಜೈಲಾದರೆ ಅಲ್ಲಿ ಊಟ, ಕಾವಲು.

ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರ್ತದೆ? ನಾವು ಕೊಡುವ ತೆರಿಗೆಯಿಂದ. ತೆರಿಗೆ ಕಟ್ಟುವವರು ಶ್ರೀಮಂತರು ಮಾತ್ರ ಅಂದುಕೊಳ್ಳಬೇಡಿ. ನಾವು ಕೊಳ್ಳುವ ಸೋಪಿನ ಬೆಲೆಯಲ್ಲೂ ತೆರಿಗೆ ಸೇರಿದೆ.

ಇನ್ನು ಮನೆಯ ಖರ್ಚು. ಒಂದು ದಿನದ ಕೂಲಿ 400 ರೂಪಾಯಿ ಅಂತ ಇಟ್ಟುಕೊಳ್ಳಿ. 10,000 ರೂಪಾಯಿ ಅಂದರೆ ಎಷ್ಟು ದಿನದ ದುಡಿಮೆ? ಸ್ಲೇಟು ತಗೊಳ್ಳಿ, ಭಾಗಿಸಿ ನೋಡಿ. 25 ದಿನ! ಗಾಡಿ ಠಾಣೆಯಲ್ಲಿ ನಿಂತರೆ ಆಟೋ ಓಡಿಸುವವನ ಸಂಪಾದನೆಯೂ ನಿಂತಿತು. ಲೈಸೆನ್ಸ್ ಅಮಾನತಾದರೆ ಇನ್ನಷ್ಟು ದಿನ ಖಾಲಿ ಕೈ. ಆಗ ಸಂಘದಲ್ಲಿ ಸಾಲ ಎತ್ತುವವರು ಯಾರು? ಕಿವಿಯೋಲೆ ಅಡವಿಡುವವರು ಯಾರು? ಕುಡಿದವನು ಗಂಡ, ಕಟ್ಟಿದವಳು ಹೆಂಡತಿ.

ಹಾಗಾದರೆ ಈ ಕಾನೂನು ಬೇಡವೇ? ಬೇಕು ಅಕ್ಕಂದಿರೇ. ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಿ.

2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,000ಕ್ಕಿಂತ ಹೆಚ್ಚು ಜನ ಸತ್ತರು. ದಿನಕ್ಕೆ 460 ಜನ! ಎಲ್ಲವೂ ಕುಡಿತದಿಂದ ಆದವಲ್ಲ. ಆದರೆ ಕುಡಿದವನ ಕಣ್ಣು ಮಂಜಾಗ್ತದೆ. ಬ್ರೇಕ್ ಒತ್ತುವುದು ತಡವಾಗ್ತದೆ. ಒಂದು ಕ್ಷಣ ತಡವಾದರೂ ಸಾಕು. ಅವನ ಗಾಡಿಗೆ ಸಿಕ್ಕಿದವರು ಕುಡಿದವರೇ ಆಗಿರಬೇಕಿಲ್ಲ. ಹಾಲು ಹಾಕಲು ಹೊರಟವಳು ಇರಬಹುದು, ಶಾಲೆಯ ಮಗು ಇರಬಹುದು. ಆಂಬುಲೆನ್ಸ್, ಆಸ್ಪತ್ರೆ, ವರ್ಷಗಟ್ಟಲೆ ಕೋರ್ಟು. ದುಡಿಯುವ ಕೈ ಹೋದರೆ ಆ ಮನೆಯ ಗತಿ ಏನು? ಈ ಖರ್ಚನ್ನು ಯಾವ ಸ್ಲೇಟಿನ ಮೇಲೆ ಬರೆಯೋಣ?

ಆದ್ದರಿಂದ ಕಾನೂನಿನ ಖರ್ಚು ದಂಡವಲ್ಲ. ಆದರೆ ಆ ಖರ್ಚಿಗೆ ತಕ್ಕ ಫಲ ಸಿಗಬೇಕು. ದಂಡ ದೊಡ್ಡದಾದ ಮಾತ್ರಕ್ಕೆ ಭಯ ಬರೋದಿಲ್ಲ. ಇವತ್ತು ಹಿಡೀತಾರೆ ಅನ್ನೋದು ಖಾತ್ರಿ ಇದ್ದರೆ ಭಯ ಬರ್ತದೆ. ಹೊಸ ವರ್ಷದ ರಾತ್ರಿ ಪೇಟೆಯಲ್ಲಿ ಮಾತ್ರ ತಪಾಸಣೆ ಆದರೆ, ಸಂತೆಯ ದಿನ ನಮ್ಮ ಹಳ್ಳಿ ರಸ್ತೆಯಲ್ಲಿ ತೂರಾಡಿಕೊಂಡು ಬರುವ ಗಾಡಿಯನ್ನು ನಿಲ್ಲಿಸುವವರು ಯಾರು? ಸಂತೆ, ಜಾತ್ರೆಯ ದಿನವೂ ತಪಾಸಣೆ ಬೇಕು. ರಾತ್ರಿ ಮನೆಗೆ ಬರಲು ಬಸ್ಸೂ ಬೇಕು. ಬಸ್ಸಿದ್ದರೆ ಕುಡಿದವನು ಬೈಕು ಹತ್ತಲೇಬೇಕು ಅಂತಿಲ್ಲ.

ನಾವು ಮಾಡುವ ಕೆಲಸವೂ ಇದೆ.

ಕೂಲಿಗೆ, ಮದುವೆಗೆ ಹೋಗುವಾಗ ಟೆಂಪೋ ಹತ್ತುತ್ತೇವೆ. ಡ್ರೈವರ್ ಬಾಯಿ ವಾಸನೆ ಬಂದರೆ ಹತ್ತಬೇಡಿ. ಒಬ್ಬಳೇ ಹೇಳಿದರೆ ಬೈತಾರೆ. ಹತ್ತು ಜನ ಇಳಿದು ನಿಂತರೆ ಗಾಡಿ ಹೊರಡೋದಿಲ್ಲ.

ಮನೆಯಲ್ಲಿ ಕುಡಿದವರು ಗಾಡಿ ತೆಗೆಯಲು ಹೊರಟರೆ ಬೀಗದ ಕೈ ಎತ್ತಿಡಿ. ಹೊಡೆತದ ಭಯ ಇದ್ದರೆ ಒಬ್ಬಳೇ ಎದುರು ನಿಲ್ಲಬೇಡಿ. ಅಕ್ಕಪಕ್ಕದವರನ್ನು ಕರೆಯಿರಿ, ಇಲ್ಲವೇ 112ಕ್ಕೆ ಫೋನ್ ಮಾಡಿ.

ದಂಡ ಕಟ್ಟುವ ಹೊತ್ತು ಬಂದರೆ ರಸ್ತೆಯಲ್ಲಿ ಯಾರ ಕೈಗೂ ದುಡ್ಡು ಕೊಡಬೇಡಿ. ಕೋರ್ಟಿನಲ್ಲಿ ಕಟ್ಟಿ ರಸೀದಿ ಪಡೆಯಿರಿ. ಹೆಸರು, ತಾರೀಖು, ಮೊತ್ತ ಸರಿ ಇದೆಯೇ ಅಂತ ನೀವೇ ಓದಿ ನೋಡಿ. ಹೆಬ್ಬೆಟ್ಟಿನ ಕಾಲ ಮುಗೀತು.

ನಾಳೆಯ ಪಾಠ ಅರ್ಜಿ ಬರೆಯುವುದು. ಒಂದು ಅರ್ಜಿ ಠಾಣೆಗೆ: ಸಂತೆಯ ದಿನ ನಮ್ಮ ರಸ್ತೆಯಲ್ಲಿ ತಪಾಸಣೆ ಮಾಡಿ. ಇನ್ನೊಂದು ಬಸ್ ಡಿಪೋಗೆ: ರಾತ್ರಿ ಒಂದು ಬಸ್ಸು ಕೊಡಿ. ಕೆಳಗೆ ಎಲ್ಲರ ಸಹಿ ಇರಲಿ. ಪೆನ್ನು ತರಲು ಮರೆಯಬೇಡಿ.