ತಲೆಗೆ ಪೆಟ್ಟು ಬಿದ್ದವನ ಮೊದಲ ರಾತ್ರಿ

(ಮೈಸೂರಿನಲ್ಲಿ ರೈತರ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ನಂಜನಗೂಡು, ತಿರುಮಕೂಡಲು ನರಸೀಪುರ, ಹುಣಸೂರು ಕಡೆಗಳಿಂದ ತಾವೆಲ್ಲ ಬಂದು ಸೇರಿದ್ದೀರಿ. ಬೆಳೆಯ ವಿಷಯ ನನಗಿಂತ ತಾವೇ ಬಲ್ಲಿರಿ. ತಲೆಗೆ ಪೆಟ್ಟು ಬಿದ್ದವನನ್ನು ಮನೆಯವರು ಹೇಗೆ ನೋಡಿಕೊಳ್ಳಬೇಕು ಎಂಬುದೊಂದನ್ನೇ ಹೇಳುತ್ತೇನೆ.

ಒಬ್ಬಾತ ತೆಂಗಿನ ಮರದಿಂದ ಜಾರಿ ಬಿದ್ದನೆಂದು ಎಣಿಸಿಕೊಳ್ಳಿ. ಕ್ಷಣಕಾಲ ಪ್ರಜ್ಞೆ ತಪ್ಪಿತು. ಮುಖಕ್ಕೆ ನೀರು ಚಿಮುಕಿಸಿದರು, ಎದ್ದು ಕುಳಿತ. "ಏನೂ ಆಗಿಲ್ಲ ಬಿಡಣ್ಣ" ಎಂದು ನಡೆದೇ ಮನೆಗೆ ಬಂದ. ಮುದ್ದೆ ಉಂಡ. ತಲೆ ನೋಯುತ್ತದೆ ಎಂದು ಬೇಗ ಮಲಗಿದ. ಆಯಾಸವಾಗಿದೆ, ಮಲಗಲಿ ಎಂದರು ಮನೆಯವರು. ನಡುರಾತ್ರಿ ಗೊರಕೆ ಜೋರಾಯಿತು. ಒಳ್ಳೆಯ ನಿದ್ದೆ ಎಂದುಕೊಂಡರು. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ.

ಅದು ನಿದ್ದೆಯಲ್ಲ. ಮಾತಾಡಿದ, ಉಂಡ ಎಂಬುದೇ ಇಲ್ಲಿ ನಮ್ಮನ್ನು ಮೋಸಗೊಳಿಸುವುದು.

ಹೀಗಾಗುವುದು ಏಕೆ? ದೊಡ್ಡವರ ತಲೆಬುರುಡೆ ತೆಂಗಿನ ಚಿಪ್ಪಿನಂತೆ ಗಟ್ಟಿ, ಹಿಗ್ಗುವುದಿಲ್ಲ. ಅದರೊಳಗೆ ಸುಮಾರು 1,400 ಗ್ರಾಂ ತೂಕದ ಮಿದುಳು, ಒಂದಿಷ್ಟು ರಕ್ತ, ಮಿದುಳನ್ನು ಸುತ್ತಿರುವ ತಿಳಿನೀರು, ಈ ಮೂರೇ ತುಂಬಿವೆ. ಕಿವಿಯ ಮೇಲ್ಭಾಗದ ಎಲುಬು ತೆಳುವಾದದ್ದು. ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗುತ್ತದೆ. ಎಲುಬು ಬಿರುಕು ಬಿಟ್ಟು ಆ ನಾಳ ಹರಿದರೆ, ಹೊರಗೆ ಒಂದು ತೊಟ್ಟೂ ಕಾಣದೆ ಒಳಗೆ ರಕ್ತ ಹೆಪ್ಪುಗಟ್ಟುತ್ತ ಬೆಳೆಯುತ್ತದೆ. ಮೊದಮೊದಲು ತಿಳಿನೀರು ಬೆನ್ನುಹುರಿಯ ಕಡೆಗೆ ಸರಿದು ಜಾಗ ಬಿಡುತ್ತದೆ. ರೋಗಿ ಚೆನ್ನಾಗಿ ಮಾತನಾಡುವುದು ಈ ಅವಧಿಯಲ್ಲಿಯೇ. ಆ ಜಾಗ ಮುಗಿದ ಮೇಲೆ ಸ್ವಲ್ಪ ರಕ್ತ ಹೆಚ್ಚಿದರೂ ಒತ್ತಡ ಒಮ್ಮೆಗೇ ಏರಿ, ಮಿದುಳು ಕೆಳಕ್ಕೆ ತಳ್ಳಲ್ಪಡುತ್ತದೆ. ಕೆಳಗೆ ಇರುವುದು ಮಿದುಳಿನ ಕಾಂಡ. ನಮ್ಮನ್ನು ಎಚ್ಚರವಾಗಿಡುವುದೂ ಉಸಿರಾಡಿಸುವುದೂ ಅದೇ. ಅದು ಅದುಮಿದಾಗ ಮೊದಲು ಎಚ್ಚರ ಹೋಗುತ್ತದೆ, ಕಡೆಗೆ ಉಸಿರು. ಹಸುಳೆಗಳ ನೆತ್ತಿ ಇನ್ನೂ ಕೂಡಿಕೊಂಡಿರುವುದಿಲ್ಲವಾದ್ದರಿಂದ ಅದು ಉಬ್ಬಿ ನಮಗೆ ಸೂಚನೆ ಕೊಡುತ್ತದೆ. ದೊಡ್ಡವರಲ್ಲಿ ಆ ಅನುಕೂಲವಿಲ್ಲ.

ಆದ್ದರಿಂದ ನೋಡತಕ್ಕದ್ದು ಗಾಯವನ್ನಲ್ಲ, ಎಚ್ಚರವನ್ನು. ಕರೆದರೆ ಕಣ್ಣು ಬಿಡುತ್ತಾನೆಯೇ? ಊರು, ಮಕ್ಕಳ ಹೆಸರು ಸರಿಯಾಗಿ ಹೇಳುತ್ತಾನೆಯೇ? ಕೈ ಎತ್ತು ಎಂದರೆ ಎತ್ತುತ್ತಾನೆಯೇ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಕಣ್ಣು, ಮಾತು, ಅಂಗಚಲನೆ ಈ ಮೂರಕ್ಕೇ ಅಂಕ ಕೊಡುವ ಕ್ರಮವನ್ನು ಪ್ರಕಟಿಸಿದರು. ಪೂರ್ಣ ಎಚ್ಚರಕ್ಕೆ 15, ತೀರ ಕೆಳಗೆ 3. ಇಂದಿಗೂ ಲೋಕದ ಆಸ್ಪತ್ರೆಗಳಲ್ಲೆಲ್ಲ ನಡೆಯುವುದು ಅದೇ ಪರೀಕ್ಷೆ. ಅಂಕಗಳು ನಿಮಗೆ ಬೇಡ. ಆಗಿನದಕ್ಕಿಂತ ಈಗ ಮಂಕಾಗಿದ್ದಾನೆಯೇ ಎಂದು ಹೆಂಡತಿಯೋ ತಾಯಿಯೋ ನಮಗಿಂತ ಬೇಗ ಕಂಡುಹಿಡಿಯುತ್ತಾರೆ.

ತಲೆನೋವು ಹೆಚ್ಚುತ್ತ ಹೋಗುವುದು, ಮತ್ತೆ ಮತ್ತೆ ವಾಂತಿ, ಫಿಟ್ಸು, ಒಂದು ಕೈಕಾಲು ಸೋಲುವುದು, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರೋ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಯಿತೆಂದರೆ ಆಗಲೇ ಬಹಳ ತಡವಾಗಿದೆ. ಬಿದ್ದಾಗ ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿದ್ದವನನ್ನು, ಚೆನ್ನಾಗಿ ಕಂಡರೂ, ಆ ದಿನವೇ ವೈದ್ಯರಿಗೆ ತೋರಿಸತಕ್ಕದ್ದು.

ಕುಡಿದಿದ್ದವನ ವಿಷಯದಲ್ಲಿ ತಪ್ಪುವುದು ಹೆಚ್ಚು. ವಾಸನೆ ಬಂತೆಂದು, ಇಳಿದ ಮೇಲೆ ಏಳುತ್ತಾನೆ ಎಂದು ಜಗಲಿಯ ಮೇಲೆ ಬಿಟ್ಟುಬಿಡುತ್ತಾರೆ. ಪೆಟ್ಟಿನ ಮಂಕು ಯಾವುದು, ಕುಡಿತದ ಮಂಕು ಯಾವುದು ಎಂಬುದು ನಮಗೂ ನೋಡಿದೊಡನೆ ತಿಳಿಯದು. ವಯಸ್ಸಾದವರಲ್ಲಂತೂ ಬಚ್ಚಲಲ್ಲಿ ಜಾರಿದ ಸಣ್ಣ ಪೆಟ್ಟಿನ ರಕ್ತ ನಿಧಾನವಾಗಿ ಸೇರಿ, ಎರಡು ಮೂರು ವಾರವಾದ ಮೇಲೆ ಮರೆವು, ತೂರಾಟ ತೋರಬಹುದು. ಅದನ್ನು ಮುಪ್ಪು ಎನ್ನಬೇಡಿ.

ಪ್ರಜ್ಞೆ ಇಲ್ಲದವನ ಬಾಯಿಗೆ ನೀರು, ಕಾಫಿ ಹಾಕಬಾರದು, ಶ್ವಾಸಕೋಶಕ್ಕೆ ಇಳಿಯುತ್ತದೆ. ಈರುಳ್ಳಿ ಮೂಸಿಸುವುದರಿಂದ ಕಾಲ ಹಾಳು. ಕತ್ತು ಹೊರಳದಂತೆ ಹಿಡಿದು, ಮೈಯನ್ನೆಲ್ಲ ಒಟ್ಟಿಗೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನು ಮಾಡಿ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ತರಬೇಡಿ. ಪೊಲೀಸು, ಕೋರ್ಟು ಎಂಬ ಹೆದರಿಕೆಯೂ ಬೇಡ. ರಸ್ತೆಯಲ್ಲಿ ಬಿದ್ದವನಿಗೆ ಸಹಾಯ ಮಾಡಿದವರಿಗೆ 2019ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ರಕ್ಷಣೆ ಕೊಟ್ಟಿದೆ.

ಮೈಸೂರಿನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ, ನಿಮ್ಮ ಬಾಯಲ್ಲಿ ದೊಡ್ಡಾಸ್ಪತ್ರೆ, ಇದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಸಿ.ಟಿ. ಸ್ಕ್ಯಾನಿನಲ್ಲಿ ಹೆಪ್ಪು ಕಂಡರೆ ಎಲುಬನ್ನು ತೆರೆದು ತೆಗೆಯುತ್ತಾರೆ. ಬುರುಡೆಗೂ ಅದರ ಒಳಪೊರೆಗೂ ನಡುವಣ ಹೆಪ್ಪನ್ನು ಎಚ್ಚರ ಹೋಗುವ ಮೊದಲೇ ತೆಗೆದರೆ ಹೆಚ್ಚಿನವರು ಬದುಕಿ ಕೆಲಸಕ್ಕೆ ಮರಳುತ್ತಾರೆ. ಎಷ್ಟು ಒಳ್ಳೆಯ ಆಸ್ಪತ್ರೆಯಾದರೂ ಎಲ್ಲರನ್ನೂ ಉಳಿಸಲಾಗದು ಎಂಬುದೂ ನಿಜ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕಿನ ಹಿಂಬದಿಯಲ್ಲಿ ಹೋಗುವಾಗ ಬಿದ್ದು, ಮಿದುಳಿನ ಶಸ್ತ್ರಚಿಕಿತ್ಸೆ ಆದರೂ ಉಳಿಯಲಿಲ್ಲ. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಬೇಕು. ಸಂತೆಗೆ ಹೋಗುವ ದಾರಿಯಲ್ಲೂ ಬೇಕು.

ಆಸ್ಪತ್ರೆಗೆ ಬರುವಾಗ ಒಂದು ಚೀಟಿ ತನ್ನಿ. ಎಷ್ಟು ಗಂಟೆಗೆ ಬಿದ್ದ, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಯಾವಾಗ ವಾಂತಿಯಾಯಿತು, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದನೇ, ಇಷ್ಟನ್ನು ಬರೆಸಿಟ್ಟರೆ ಸಾಕು. ಬರೆಯಲು ಬಾರದವರು ಬಿದ್ದದ್ದನ್ನು ಕಂಡವರನ್ನೇ ಜೊತೆಗೆ ಕರೆತನ್ನಿ.